ಪಂಜರದ ಗೋಸುಂಬೆ ಮತ್ತು ಶ್ರಾವಕನ ಅಹಿಂಸೆ

ಮನೆಯಲ್ಲಿ ಪ್ರಾಣಿಯನ್ನು ಸಾಕುವುದು ದಯೆಯೋ ಬಂಧನವೋ ಎಂಬ ಪ್ರಶ್ನೆ ಶ್ರಾವಕರಿಗೆ ಹೊಸದಲ್ಲ. ಆಕಳು, ಎಮ್ಮೆ, ಎತ್ತುಗಳ ವಿಷಯದಲ್ಲಿ ನಮ್ಮ ಆಚಾರ್ಯರು ಇದನ್ನು ಬಹಳ ಹಿಂದೆಯೇ ವಿಚಾರಿಸಿ, ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿಟ್ಟಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಶಕ್ತಿ ಮೀರಿ ಹೊರೆ ಹೇರುವುದು, ಅನ್ನಪಾನಗಳನ್ನು ತಡೆಯುವುದು ಎಂಬ ಇವು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಎಲ್ಲರಿಗೂ ತಿಳಿದಿರುವಂಥವು. ನನಗೂ ತಿಳಿದಿದ್ದವು. ಆದರೆ ಕಳೆದ ವರ್ಷ ಬೆಂಗಳೂರಿನ ಮಗನ ಮನೆಯಲ್ಲಿ, ಮೂರು ಕೊಂಬಿನ ಒಂದು ಗೋಸುಂಬೆಯೊಡನೆ ಎಂಟು ದಿನಗಳನ್ನು ಕಳೆಯಬೇಕಾಗಿ ಬಂದಾಗ, ಬಾಯಿಪಾಠಕ್ಕೂ ತಿಳಿವಳಿಕೆಗೂ ಎಷ್ಟು ಅಂತರವಿದೆಯೆಂಬುದು ಅನುಭವಕ್ಕೆ ಬಂತು.

ಗೋಸುಂಬೆ ನಮ್ಮ ಭಾಗದವರಿಗೆ ಅಪರಿಚಿತ ಪ್ರಾಣಿಯಲ್ಲ. ಯಾದಗಿರಿಯ ಕೋಟೆಯ ಬೆಟ್ಟ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಸುತ್ತಲಿನ ಕಲ್ಲುಗುಡ್ಡಗಳ ಪರಿಸರದಂಥ ಒಣ ನೆಲದಲ್ಲಿ, ಜಾಲಿ, ಬಾರಿ, ಬೇವುಗಳ ಪೊದೆಗಳಲ್ಲಿ ಅದು ಬಾಳುತ್ತದೆ. ಬೇಲಿಯ ಮೇಲೆ ತಲೆ ಕುಣಿಸುವ ಓತಿಕ್ಯಾತವನ್ನೇ ಅನೇಕರು ಗೋಸುಂಬೆಯೆಂದು ಭಾವಿಸುತ್ತಾರೆ; ಅದು ತಪ್ಪು. ಓತಿಕ್ಯಾತ ಓಡುತ್ತದೆ, ಗೋಸುಂಬೆ ಓಡಲಾರದು. ಅದರ ಕಾಲ್ಬೆರಳುಗಳು ಎರಡು ಒಂದು ಕಡೆ, ಮೂರು ಇನ್ನೊಂದು ಕಡೆ ಕೂಡಿಕೊಂಡು ಚಿಮಟಿಗೆಯ ಹಾಗೆ ಇರುತ್ತವೆ. ಬಾಲವು ಐದನೆಯ ಕೈಯಂತೆ ಕೊಂಬೆಯನ್ನು ಸುತ್ತಿಕೊಳ್ಳುತ್ತದೆ. ಎರಡು ಕಣ್ಣುಗಳು ಒಂದರ ಹಂಗಿಲ್ಲದೆ ಇನ್ನೊಂದು ತಿರುಗುತ್ತವೆ. ನಾಲಗೆ ದೇಹಕ್ಕಿಂತ ಉದ್ದ. ಜಗತ್ತಿನಲ್ಲಿ ಗೋಸುಂಬೆಯ ಜಾತಿಗಳು 200ಕ್ಕೂ ಹೆಚ್ಚು, ಅವುಗಳಲ್ಲಿ ಸುಮಾರು ಅರ್ಧದಷ್ಟು ಮಡಗಾಸ್ಕರ್ ದ್ವೀಪವೊಂದರಲ್ಲಿಯೇ ಇವೆ. ಭಾರತದಲ್ಲಿ ಸಹಜವಾಗಿ ಇರುವುದು ಒಂದೇ ಜಾತಿ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ.

ನನ್ನ ಮೊಮ್ಮಗನಿಗೆ ಹದಿನೈದು ವರ್ಷ. ಶಹಾಪುರದ ಹೊಲದಲ್ಲಿ ಚಿಕ್ಕವನಿದ್ದಾಗ ಒಂದು ಗೋಸುಂಬೆಯನ್ನು ಕಂಡಿದ್ದ. ಅಂದಿನಿಂದ ಅವನಿಗೆ ಅದರದೇ ಧ್ಯಾನ. ನಮ್ಮ ನಾಡಿನದನ್ನು ಸಾಕಲಾಗದೆಂದು ತಿಳಿದ ಮೇಲೆ ಹೊರದೇಶದ ಜಾತಿಗಳನ್ನು ಓದತೊಡಗಿದ. ಸಾಕುವವರಲ್ಲಿ ಸಾಮಾನ್ಯವಾಗಿ ಕಾಣುವುದು ಯೆಮನ್ ದೇಶದ, ತಲೆಯ ಮೇಲೆ ಎತ್ತರದ ಶಿಖೆಯುಳ್ಳ ಜಾತಿ. ಅದರ ನಂತರ ಮಡಗಾಸ್ಕರಿನ ಬಣ್ಣಬಣ್ಣದ ಪ್ಯಾಂಥರ್ ಜಾತಿ. ಇವನಿಗೆ ಇವೆರಡೂ ಬೇಡವಾದವು. ಕೀನ್ಯಾ ಮತ್ತು ಟಾಂಜಾನಿಯಾದ ಎತ್ತರದ ಬೆಟ್ಟಗಳಲ್ಲಿರುವ ಜಾಕ್ಸನ್ ಗೋಸುಂಬೆಯೇ ಬೇಕೆಂದು ಹಠ ಹಿಡಿದ. ಅದರ ಗಂಡಿಗೆ ಮೂತಿಯ ಮೇಲೆ ಒಂದು, ಕಣ್ಣುಗಳ ಮುಂದೆ ಎರಡು, ಹೀಗೆ ಮೂರು ಕೊಂಬುಗಳು. ಮೊಟ್ಟೆಯಿಡದೆ ಮರಿ ಹಾಕುವ ಕೆಲವೇ ಜಾತಿಗಳಲ್ಲಿ ಅದೂ ಒಂದು. ಹುಡುಗನ ಆಯ್ಕೆಯಲ್ಲಿ ವಿಚಾರವಿರಲಿಲ್ಲವೆಂದು ನಾನು ಹೇಳಲಾರೆ. ಈ ಪ್ರಾಣಿಗೆ ರಾತ್ರಿ ತಂಪು ಬೇಕು, ಬೆಂಗಳೂರಿನ ಹವೆ ಹೊಂದುತ್ತದೆ ಎಂದು ಲೆಕ್ಕ ಹಾಕಿದ್ದ. ನಮ್ಮ ಯಾದಗಿರಿಯ ಏಪ್ರಿಲ್ ತಿಂಗಳಲ್ಲಿ ಅದು ನಾಲ್ಕು ದಿನ ಬದುಕುತ್ತಿರಲಿಲ್ಲ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದುದಕ್ಕೆ ಅವನ ತಂದೆ, ಅಂದರೆ ನನ್ನ ಮಗ, ಅದನ್ನು ಕೊಡಿಸಿದ. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದೆನೆಂಬುದು ಅವರಿಬ್ಬರಿಗೂ ಗೊತ್ತಿತ್ತು.

ಆರೈಕೆಯಲ್ಲಿ ಹುಡುಗ ಕೊರತೆ ಮಾಡಿರಲಿಲ್ಲ. ನಾಲ್ಕೂ ಕಡೆ ಗಾಳಿಯಾಡುವ ಬಲೆಯ ಎತ್ತರದ ಪಂಜರ. ಗಾಜಿನ ಪೆಟ್ಟಿಗೆ ಅದಕ್ಕೆ ಆಗದು. ಒಳಗೆ ಕುಂಡದಲ್ಲಿ ದಾಸವಾಳದ ಗಿಡ. ಸೂರ್ಯನ ಅತಿನೇರಳೆ ಕಿರಣವನ್ನು ಕೊಡುವ ವಿಶೇಷ ದೀಪವನ್ನು ಹಗಲೆಲ್ಲ ಉರಿಸಬೇಕು. ಅದಿಲ್ಲದಿದ್ದರೆ ಸುಣ್ಣದ ಅಂಶ ಮೈಗೆ ಹತ್ತದೆ ಎಲುಬುಗಳು ಮೆದುವಾಗಿ ಬಾಗಿಹೋಗುತ್ತವೆ. ಬಟ್ಟಲಿನಲ್ಲಿಟ್ಟ ನೀರನ್ನು ಈ ಪ್ರಾಣಿ ಗುರುತಿಸುವುದೇ ಇಲ್ಲ. ಎಲೆಯ ಮೇಲಿನ ಹನಿಯನ್ನೇ ಕುಡಿಯುತ್ತದೆ. ಆದ್ದರಿಂದ ದಿನಕ್ಕೆರಡು ಸಲ ಎಲೆಗಳಿಗೆ ನೀರು ಸಿಂಪಡಿಸಬೇಕು. ಒಂದೇ ಪಂಜರದಲ್ಲಿ ಎರಡನ್ನು ಇಡಬಾರದು. ತನ್ನ ಜಾತಿಯದೇ ಇನ್ನೊಂದನ್ನು ನಿತ್ಯವೂ ನೋಡುತ್ತಿರುವುದು ಅದಕ್ಕೆ ಪೀಡೆ. ಕೈಯಲ್ಲಿ ಹಿಡಿದು ಮುದ್ದಾಡುವುದೂ ಪೀಡೆಯೇ.

ನಾನು ವ್ಯಾಪಾರಸ್ಥ. ಮೊದಲು ಕೇಳಿದ್ದು ಬಿಲ್ಲು. ಮಗ ತೋರಿಸಿದ ಚೀಟಿಯಲ್ಲಿ ಪಂಜರ ಮತ್ತು ದೀಪದ ಬೆಲೆ ಇತ್ತು, ಪ್ರಾಣಿಯ ಹೆಸರೇ ಇರಲಿಲ್ಲ. ಜಾಕ್ಸನ್ ಗೋಸುಂಬೆ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಅಂಥ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂಬ ನಿಯಮಗಳು 2024ರಲ್ಲಿ ಪ್ರಕಟವಾದವು. ಕಾಗದವಿಲ್ಲದ ಪ್ರಾಣಿ ಎಲ್ಲಿಯೋ ಕಾಡಿನಿಂದ ಕದ್ದದ್ದಿರಬಹುದು, ಚೀಲದೊಳಗೆ ಉಸಿರುಕಟ್ಟಿ ಸತ್ತ ಹತ್ತರ ನಡುವೆ ಉಳಿದ ಒಂದಿರಬಹುದು. ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು, ಇವೆರಡೂ ಅಚೌರ್ಯಾಣುವ್ರತದ ಅತಿಚಾರಗಳು. ಸುಂಕ ತಪ್ಪಿಸಿ ಬಂದ ಬಟ್ಟೆಯ ತಾನನ್ನು ಅಗ್ಗವೆಂದು ಕೊಳ್ಳಬಾರದೆಂದು ನನ್ನ ಮಗನಿಗೆ ನಾನೇ ಕಲಿಸಿದ್ದೆ. ಜೀವವಿರುವ ಮಾಲಿಗೆ ಆ ಪಾಠ ಅನ್ವಯಿಸುತ್ತದೆಯೆಂದು ಅವನಿಗೆ ಹೊಳೆಯಲಿಲ್ಲ. ನಾನು ಹೇಳಿದ ಮೇಲೆ ಅರಣ್ಯ ಇಲಾಖೆಗೆ ಇದ್ದುದನ್ನು ಇದ್ದ ಹಾಗೆ ತಿಳಿಸಿ ಅರ್ಜಿ ಕೊಟ್ಟಿದ್ದಾನೆ. ಅದರ ಪರಿಣಾಮ ಏನಾದರೂ ಆಗಲಿ, ಅನುಭವಿಸತಕ್ಕದ್ದೇ.

ಆದರೆ ನನ್ನ ಮನಸ್ಸನ್ನು ಕಲಕಿದ್ದು ಕಾಗದವಲ್ಲ, ಆಹಾರ. ಗೋಸುಂಬೆ ಸತ್ತದ್ದನ್ನು ತಿನ್ನುವುದು ಅಪರೂಪ. ಅಲುಗಾಡುವ ಜೀವವೇ ಬೇಕು. ಯೆಮನ್ ಜಾತಿಯಾದರೂ ಒಂದಿಷ್ಟು ಎಲೆ, ಹೂವು ತಿನ್ನುತ್ತದೆ, ಅದರಿಂದಲೇ ಬದುಕುವುದಿಲ್ಲ. ನಮ್ಮ ಹುಡುಗ ಆರಿಸಿದ್ದು ಅದನ್ನೂ ತಿನ್ನುವಂಥದ್ದಲ್ಲ. ಮಿಡತೆಯ ಸಂಬಂಧಿಯಾದ, ರಾತ್ರಿ ಚಿರ್ರೆನ್ನುವ ಹುಳುಗಳನ್ನು ಪೆಟ್ಟಿಗೆಯಲ್ಲಿ ಮಾರುತ್ತಾರೆ. ಅವುಗಳಿಗೆ ಮೊದಲು ಸೊಪ್ಪು, ಗಜ್ಜರಿ ತಿನ್ನಿಸಿ, ಮೈಗೆ ಸುಣ್ಣದ ಪುಡಿ ಹಚ್ಚಿ, ದಿನ ಬಿಟ್ಟು ದಿನ ಐದಾರರಂತೆ ಪಂಜರದಲ್ಲಿ ಬಿಡಬೇಕು. ದಿನ ಬಿಟ್ಟು ದಿನ ಆರರಂತೆ, ಪ್ರಾಣಿ ಎಂಟು ವರ್ಷ ಬದುಕಿದರೆ ಎಂಟೂವರೆ ಸಾವಿರ ಮೀರುತ್ತದೆ. ಈ ಲೆಕ್ಕವನ್ನು ನಾನು ಚೀಟಿಯ ಹಿಂಬದಿಯಲ್ಲಿ ಬರೆದು ಮಗನ ಕೈಗಿಟ್ಟೆ. ಅವನು ಮಾತಾಡಲಿಲ್ಲ.

ನಮ್ಮ ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡಿಗೆ, ಕಸಗುಡಿಸುವಿಕೆಗಳಲ್ಲಿ ಆಗುವುದು ಆರಂಭೀ. ಬೇಸಾಯ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆಗಾಗಿ ಆಗುವುದು ವಿರೋಧೀ. ಗೃಹಸ್ಥನು ಇವುಗಳನ್ನು ಪೂರ್ತಿ ಬಿಡಲಾರ. ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನಾದರೂ ಬಿಡಲೇಬೇಕು. ಹುಳುವನ್ನು ಪಂಜರದಲ್ಲಿ ಬಿಡುವುದು ಅಡಿಗೆಯಲ್ಲ, ಉದ್ಯೋಗವಲ್ಲ, ರಕ್ಷಣೆಯಲ್ಲ. ಹಾಗಾದರೆ ಉಳಿದದ್ದು ಒಂದೇ. ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷೆಯಲ್ಲಿ ಬೆಕ್ಕು ಮುಂತಾದ ಹಿಂಸಕ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ, ಆಯುಧ ಮತ್ತು ಕಬ್ಬಿಣದ ಮಾರಾಟದ ಜೊತೆಗೇ ಎಣಿಸಲಾಗಿದೆ. ಅದೇ ಸಾಲಿನಲ್ಲಿ ಅರಗು, ಹಿಂಡಿಗಳ ಮಾತೂ ಬರುತ್ತದೆ. ನಮ್ಮ ತಂದೆಯವರು ಹಿಂಡಿಯ ಅಂಗಡಿಯನ್ನೇ ನಡೆಸಿದವರು. ಆ ಗಾಥೆಯನ್ನು ಓದುವಾಗ ನಮ್ಮ ಮನೆಯವರು ಸ್ವಲ್ಪ ದನಿ ಇಳಿಸಿಯೇ ಓದುತ್ತೇವೆ.

ಕಳೆದ ವರ್ಷ ಮಗನ ಅತ್ತೆಯವರಿಗೆ ಪುಣೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮನೆಯವರೆಲ್ಲ ಹೊರಟರು. ಮನೆ ಕಾಯಲು ನಾನು ಉಳಿದೆ. ಎಂದರೆ ಗೋಸುಂಬೆಯನ್ನು ಕಾಯಲು. ಮೊಮ್ಮಗ ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದಿಟ್ಟು, "ಮುತ್ಯಾ, ನೀರು ನೀವು ಹೊಡೀರಿ ಸಾಕು, ಹುಳಾ ಹಾಕೋದು ವಾಚಮನ್ ನೋಡ್ಕೋತಾನ" ಎಂದು ಹೇಳಿಹೋದ. ಹುಡುಗನಿಗೆ ನನ್ನ ಮನಸ್ಸು ಗೊತ್ತು. ಮೊದಲನೆಯ ದಿನ ಕಾವಲುಗಾರ ಬಂದು ಪೆಟ್ಟಿಗೆಯಿಂದ ಹುಳುಗಳನ್ನು ತೆಗೆದು ಬಿಟ್ಟ. ನಾನು ಅಡಿಗೆಮನೆಯಲ್ಲಿ ನಿಂತಿದ್ದೆ. ಐವತ್ತು ರೂಪಾಯಿ ಕೊಟ್ಟೆ.

ಆ ರಾತ್ರಿ ಸಾಮಾಯಿಕಕ್ಕೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ಕೃತ, ಕಾರಿತ, ಅನುಮತ ಎಂಬ ಮೂರು ಬಾಗಿಲುಗಳಿಂದಲೂ ಆಸ್ರವವಾಗುತ್ತದೆಯೆಂದು ನಾನೇ ಎಷ್ಟೋ ಸಲ ಸ್ವಾಧ್ಯಾಯದಲ್ಲಿ ವಿವರಿಸಿದ್ದೇನೆ. ಮಾಡುವುದು, ಮಾಡಿಸುವುದು, ಒಪ್ಪುವುದು. ಐವತ್ತು ರೂಪಾಯಿ ಕೊಟ್ಟು ನಾನು ಕೊಂಡದ್ದು ಅಹಿಂಸೆಯನ್ನಲ್ಲ, ಅಡಿಗೆಮನೆಯಲ್ಲಿ ನಿಲ್ಲುವ ಅವಕಾಶವನ್ನು. ಅದೂ ಒಬ್ಬ ಬಡವನ ಮೇಲೆ ನನ್ನ ಪಾಲನ್ನು ಹೊರಿಸಿ. ನಮ್ಮ ಸಮಾಜದಲ್ಲಿ ಈ ಪದ್ಧತಿ ಗೋಸುಂಬೆಯೊಂದಕ್ಕೇ ಸೀಮಿತವೆಂದು ಯಾರಾದರೂ ಹೇಳಿದರೆ ನನಗೆ ಸಂತೋಷವಾದೀತು.

ಬಂಧುಗಳೊಬ್ಬರು ಫೋನಿನಲ್ಲಿ ಸುಲಭದ ದಾರಿ ಹೇಳಿದರು: "ಹಾಕಬ್ಯಾಡ್ರಿ. ಒಂದು ಸತ್ತರ ಸಾವಿರ ಉಳೀತಾವ." ಕೇಳಲು ಲೆಕ್ಕ ಸರಿಯೆನಿಸುತ್ತದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದೇ ಲೆಕ್ಕವನ್ನು ಎತ್ತಿಕೊಂಡು ನಿರಾಕರಿಸಿದ್ದಾರೆ. ಒಂದು ಹಿಂಸ್ರ ಪ್ರಾಣಿಯನ್ನು ಕೊಂದರೆ ಬಹು ಜೀವಗಳ ರಕ್ಷಣೆಯಾಗುತ್ತದೆಯೆಂದು ಬಗೆದು ಅದನ್ನು ಕೊಲ್ಲಬಾರದೆಂಬುದು ಅವರ ನಿರ್ಣಯ. ಇಲ್ಲಿಯಂತೂ ಪ್ರಾಣಿಯನ್ನು ಕೂಡಿಹಾಕಿದವರು ನಾವು. ಕಾಡಿನಲ್ಲಿ ಅದು ತಾನೇ ಬೇಟೆಯಾಡಿ ತಿನ್ನುವುದಕ್ಕೆ ನಾನು ಕರ್ತನಲ್ಲ, ಕಾರಯಿತನಲ್ಲ. ಪಂಜರದ ಬಾಗಿಲು ಹಾಕಿದ ಕ್ಷಣದಿಂದ ಅದರ ಹಸಿವೂ ನನ್ನದು, ಅದರ ಬೇಟೆಯೂ ನನ್ನದು. ಹಾಕಿದರೆ ಹುಳುವಿನ ಹಿಂಸೆ, ಹಾಕದಿದ್ದರೆ ಅನ್ನಪಾನನಿರೋಧ.

ಇನ್ನೊಬ್ಬರು, ಊರ ಹೊರಗಿನ ಗಿಡಗಂಟಿಯಲ್ಲಿ ಬಿಟ್ಟುಬಿಡಿರೆಂದರು. ಬಿಡುಗಡೆಯೆಂಬ ಮಾತು ನಮ್ಮ ಕಿವಿಗೆ ಯಾವಾಗಲೂ ಇಂಪು. ಆದರೆ ಇದೇ ಜಾತಿಯ ಚರಿತ್ರೆಯನ್ನು ಹುಡುಗನ ಪುಸ್ತಕದಲ್ಲಿ ಓದಿದ್ದೆ. 1972ರಲ್ಲಿ ಹವಾಯಿಯ ಓಹು ದ್ವೀಪದಲ್ಲಿ ಸಾಕುಪ್ರಾಣಿಗಳ ವ್ಯಾಪಾರಿಯೊಬ್ಬ ಕೀನ್ಯಾದಿಂದ ತರಿಸಿದ ಈ ಗೋಸುಂಬೆಗಳು ಪ್ರಯಾಣದಲ್ಲಿ ಬಳಲಿ ಸೊರಗಿದ್ದವು. ಚೇತರಿಸಿಕೊಳ್ಳಲೆಂದು ಅವನು ಅವನ್ನು ತನ್ನ ಹಿತ್ತಲಿನಲ್ಲಿ ಬಿಟ್ಟ. ಅವು ಚೇತರಿಸಿಕೊಂಡವು, ಹಬ್ಬಿದವು, ಜಗತ್ತಿನ ಬೇರೆಲ್ಲಿಯೂ ಇಲ್ಲದ ಅಲ್ಲಿಯ ಬಸವನಹುಳುಗಳನ್ನೂ ಕೀಟಗಳನ್ನೂ ಇಂದಿಗೂ ತಿನ್ನುತ್ತಿವೆ. ಜ್ಞಾನವನ್ನು ಮುಂದೆ, ದಯೆಯನ್ನು ಹಿಂದೆ ಇಟ್ಟು ನಡೆಯಬೇಕೆಂದು ನಮ್ಮಲ್ಲಿ ಹೇಳುವುದುಂಟಲ್ಲವೇ? ಆ ವ್ಯಾಪಾರಿಗೆ ದಯೆಯಿತ್ತು.

ಮೂರನೆಯ ದಿನ ಕಾವಲುಗಾರನನ್ನು ಕರೆಯಲಿಲ್ಲ. ಪೆಟ್ಟಿಗೆಯನ್ನು ನಾನೇ ತೆರೆದೆ. ಹುಳುಗಳು ಗಜ್ಜರಿಯ ತುಂಡಿನ ಮೇಲೆ ಕುಳಿತಿದ್ದವು. ಒಂದು ಚಿರ್ರೆನ್ನುತ್ತಿತ್ತು. ಐದನ್ನು ಬಿಟ್ಟೆ. ಗೋಸುಂಬೆ ಅಲುಗಲಿಲ್ಲ, ಒಂದು ಕಣ್ಣು ನನ್ನ ಕಡೆ, ಒಂದು ಕಣ್ಣು ಹುಳುವಿನ ಕಡೆ. ನಾಲಗೆ ಹೊರಟದ್ದು ನನಗೆ ಕಾಣಲಿಲ್ಲ, ಹುಳು ಇಲ್ಲವಾದದ್ದು ಮಾತ್ರ ಕಂಡಿತು. ಉಳಿದ ದಿನಗಳಲ್ಲಿ ಇನ್ನೆರಡು ಸಲ ಹೀಗೆಯೇ ಮಾಡಿದೆ. ಪುಣ್ಯವೆಂದು ಮಾಡಲಿಲ್ಲ. ಪಾಪವಲ್ಲವೆಂದೂ ಹೇಳುವುದಿಲ್ಲ. ಪ್ರತಿಕ್ರಮಣದಲ್ಲಿ ಎಣಿಸಿ ಹೇಳಿಕೊಂಡೆ. ಊರಿಗೆ ಮರಳಿದ ಮೇಲೆ ಮುನಿಗಳೊಬ್ಬರ ಬಳಿ ಹೇಳಿ ಪ್ರಾಯಶ್ಚಿತ್ತ ತೆಗೆದುಕೊಂಡೆ. ಅದೇನೆಂಬುದು ಇಲ್ಲಿ ಬೇಡ.

ಈ ಪಂಜರದ ಮುಂದೆ ನನಗೆ ಇನ್ನೊಂದು ವಿಷಯ ಕಂಡಿತು. ಮಾತು ಬದಲಿಸುವವನನ್ನು ನಾವು ಊಸರವಳ್ಳಿಯೆಂದು ಜರೆಯುತ್ತೇವೆ, ಚುನಾವಣೆಯ ಕಾಲದಲ್ಲಂತೂ ಪತ್ರಿಕೆಗಳಿಗೆ ಅದು ಬಿಟ್ಟರೆ ಬೇರೆ ಮಾತಿಲ್ಲ. ಆದರೆ ಈ ಪ್ರಾಣಿ ಬಣ್ಣ ಬದಲಿಸುವುದು ಮುಖ್ಯವಾಗಿ ಮೋಸಕ್ಕಲ್ಲ. ಬಿಸಿಲು ಬೇಕಾದಾಗ ಮೈ ಕಪ್ಪಾಗುತ್ತದೆ, ಹೆದರಿದಾಗ ಕಪ್ಪಾಗುತ್ತದೆ, ಇನ್ನೊಂದು ಗಂಡನ್ನು ಕಂಡಾಗ ಬಣ್ಣ ಉಜ್ವಲವಾಗುತ್ತದೆ. ಜಿನೀವಾದ ವಿಜ್ಞಾನಿಗಳು ಮಡಗಾಸ್ಕರಿನ ಜಾತಿಯೊಂದನ್ನು ಪರೀಕ್ಷಿಸಿ, ಚರ್ಮದೊಳಗಿನ ಅತಿ ಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾಗುವುದರಿಂದ ಬಣ್ಣ ಬದಲಾಗುತ್ತದೆಯೆಂದು 2015ರಲ್ಲಿ ತೋರಿಸಿದರು. ಆತ್ಮಕ್ಕೆ ಲೇಶ್ಯೆಗಳೆಂಬ ಆರು ಬಣ್ಣಗಳನ್ನು ಹೇಳುವ ನಮಗೆ ಇದು ವಿಚಿತ್ರವೆನಿಸಬಾರದು. ಕೃಷ್ಣಲೇಶ್ಯೆಯವನು ಬಿಳಿಯ ಧೋತರ ಉಟ್ಟು ಗಾದಿಯ ಮೇಲೆ ಕೂಡಬಲ್ಲ. ಗೋಸುಂಬೆಗೆ ಆ ಸೌಕರ್ಯವಿಲ್ಲ. ನಾನು ನೀರಿನ ಪಿಚಕಾರಿ ಹಿಡಿದು ಹತ್ತಿರ ಹೋದಾಗಲೆಲ್ಲ ಅದರ ಹಸಿರು ಮೈ ಕಂದಿ ಕಪ್ಪಿಡುತ್ತಿತ್ತು. ಎಂಟನೆಯ ದಿನವೂ ಅದು ನನ್ನನ್ನು ಒಪ್ಪಿಕೊಂಡಿರಲಿಲ್ಲ.

ಮೊಮ್ಮಗ ಮರಳಿ ಬಂದ ಮೇಲೆ ನಮ್ಮಿಬ್ಬರಿಗೂ ವಾದವಾಯಿತು. ಅದನ್ನು ಮುಚ್ಚಿಡದೆ ಬರೆಯುವುದು ನ್ಯಾಯ. ಈ ಹುಳು ಚತುರಿಂದ್ರಿಯ ಜೀವಿಯೆಂದು ನಾನು ಹೇಳಿದೆ. ಅವನು, ಈ ಹುಳುವಿನ ಮುಂಗಾಲುಗಳಲ್ಲಿ ಕಿವಿಗಳಿವೆ, ಹಾಡನ್ನು ಕೇಳುವವರಿಲ್ಲದಿದ್ದರೆ ಅದು ಏಕೆ ಹಾಡೀತು ಎಂದ. ಅದು ನಿಜವಾದರೆ ನನ್ನ ಪಕ್ಷವೇ ಬಲವಾಗುತ್ತದೆಯೆಂಬುದನ್ನು ಅವನು ಗಮನಿಸಲಿಲ್ಲ, ನಾನೂ ತೋರಿಸಲಿಲ್ಲ. ಏಕೆಂದರೆ ಅವನ ಮುಂದಿನ ಮಾತು ನೇರವಾಗಿ ಎದೆಗೆ ನಾಟಿತು. "ಮುತ್ಯಾ, ನಿಮ್ಮ ಗೋದಾಮಿನ್ಯಾಗ ಗುಳಗಿ ಇಟ್ಟು ತಾಡಪತ್ರಿ ಹೊಚ್ಚತೀರಲ್ಲ, ಒಂದ ರಾತ್ರಿಗೆ ಎಷ್ಟು ಹುಳಾ ಸಾಯ್ತಾವ?"

ಯಾದಗಿರಿಯ ಎಪಿಎಂಸಿ ಪ್ರಾಂಗಣದಲ್ಲಿ 38 ವರ್ಷ ತೊಗರಿಯ ವ್ಯಾಪಾರ ಮಾಡಿದವನು ನಾನು. ತೊಗರಿಗೆ ಹುಳು ಬೀಳುತ್ತದೆ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡದ ಗೋದಾಮು ನಮ್ಮಲ್ಲಿ ವಿರಳ. ನಾನು ಅವನಿಗೆ, ಅದು ಉದ್ಯೋಗೀ ಹಿಂಸೆ, ನಿನ್ನದು ಬೇರೆ ಎಂದೆ. ಆ ಭೇದ ಪೊಳ್ಳಲ್ಲ. ನನ್ನ ಗೋದಾಮಿಗೆ ಹುಳುವೇ ಬಾರದಿದ್ದರೆ ನನಗೆ ಹಬ್ಬ. ಅವನ ಪೆಟ್ಟಿಗೆಯಲ್ಲಿ ಹುಳು ತೀರಿದರೆ ಚಿಂತೆ. ಒಂದು ಕಡೆ ಹಿಂಸೆಯನ್ನು ಕಡಿಮೆ ಮಾಡಿದಷ್ಟೂ ಕೆಲಸ ಸಾಗುತ್ತದೆ, ಇನ್ನೊಂದು ಕಡೆ ಹಿಂಸೆಯಿಲ್ಲದೆ ಕೆಲಸವೇ ಇಲ್ಲ. ಇಷ್ಟು ಹೇಳಿ ನಾನು ಗೆದ್ದಂತೆ ಕುಳಿತುಕೊಳ್ಳಬಹುದಿತ್ತು. ಆದರೆ ಬಿಸಿಲಿಗೆ ಹರವಿ ಒಣಗಿಸಿದರೆ ಸಾಕಾಗುತ್ತಿದ್ದ ವರ್ಷಗಳಲ್ಲೂ ಹಮಾಲಿಯ ಖರ್ಚು ಉಳಿಸಲು ನಾನು ಗುಳಿಗೆ ಇಡಿಸಿದ್ದೇನೆ. ಆ ವರ್ಷಗಳ ಹಿಂಸೆಯನ್ನು ಉದ್ಯೋಗದ ಖಾತೆಗೆ ಬರೆಯಬೇಕೋ ಲೋಭದ ಖಾತೆಗೋ? ಬಿಕಾಂ ಓದಿದವನು, ಯಾವ ಖರ್ಚು ಯಾವ ಖಾತೆಗೆ ಹೋಗಬೇಕೆಂದು ಬಲ್ಲೆ. ಹುಡುಗನಿಗೆ "ನೀ ಹೇಳಿದ್ದು ಖರೇ ಅದ" ಎಂದೆ. ಅವನು ಅದನ್ನು ನಿರೀಕ್ಷಿಸಿರಲಿಲ್ಲ. ತಲೆ ತಗ್ಗಿಸಿ ಕುಳಿತ.

ಅನಂತರ ಅವನಿಗೆ ಹುಂಡಿಯ ವಿಷಯ ಹೇಳಿದೆ. ಮುದ್ದತಿನ ಹುಂಡಿಗೆ ಹಣ ಕೊಡುವ ದಿನ ಸಾಹುಕಾರನಿಗೆ ಸ್ವಾತಂತ್ರ್ಯವಿಲ್ಲ, ಕೊಡಲೇಬೇಕು. ಸ್ವಾತಂತ್ರ್ಯವಿದ್ದದ್ದು ರುಜು ಹಾಕಿದ ದಿನ. ಇಂದು ಹುಳು ಹಾಕುವುದೋ ಬಿಡುವುದೋ ಎಂದು ನಾವು ಒದ್ದಾಡುತ್ತಿರುವುದು ಮುದ್ದತಿನ ದಿನದ ಒದ್ದಾಟ. ರುಜು ಬಿದ್ದದ್ದು ಅಂಗಡಿಯಲ್ಲಿ. ಈಗ ಬಂದಿರುವ ಜೀವವನ್ನು, ಇಲಾಖೆಯವರು ಬೇರೆ ಹೇಳುವವರೆಗೆ, ದೀಪ, ನೀರು, ಆಹಾರ ಯಾವುದರಲ್ಲೂ ಕಡಿಮೆ ಮಾಡದೆ ಅದರ ಆಯುಷ್ಯ ಇರುವತನಕ ನೋಡಿಕೊಳ್ಳತಕ್ಕದ್ದು; ಬೇಸರವಾಯಿತೆಂದು ಮತ್ತೊಬ್ಬರಿಗೆ ದಾಟಿಸತಕ್ಕದ್ದಲ್ಲ; ಇದಕ್ಕೆ ಜೊತೆ ತರತಕ್ಕದ್ದಲ್ಲ, ಇದರ ನಂತರ ಇನ್ನೊಂದನ್ನೂ ತರತಕ್ಕದ್ದಲ್ಲ. ಹುಡುಗ ಮೊದಲಿನ ಎರಡನ್ನು ಒಪ್ಪಿದ್ದಾನೆ. ಮೂರನೆಯದಕ್ಕೆ "ನೋಡ್ತೀನಿ" ಎಂದಿದ್ದಾನೆ. ನಿಯಮವನ್ನು ಮನಸ್ಸಿಲ್ಲದೆ ಕೊಡಿಸಬಾರದೆಂದು ನಾನೂ ಒತ್ತಾಯಿಸಲಿಲ್ಲ. ನನ್ನ ಮಗ ಗೋದಾಮಿನಲ್ಲಿ ಈ ವರ್ಷ ಬಿಸಿಲಿಗೆ ಹರವುವ ಕೂಲಿಗೆ ಒಪ್ಪಿಗೆ ಕೊಟ್ಟಿದ್ದಾನೆ. ಅದು ಮೊಮ್ಮಗನಿಂದ ನಮಗೆ ಬಂದ ಲಾಭ.

ಮಳೆಗಾಲದ ಕೊನೆಗೆ ಹುಡುಗ ಊರಿಗೆ ಬಂದಿದ್ದ. ಶಹಾಪುರದ ಹೊಲ ನೋಡಿಕೊಂಡು ಸುರಪುರಕ್ಕೆ ಹೊರಟಿದ್ದೆವು. ಹತ್ತಿಗೂಡೂರು ದಾಟಿದ ಮೇಲೆ ರಸ್ತೆಯ ನಡುವೆ ಹಸಿರೊಂದು ಕಂಡು ಅವನು ಕೂಗಿದ. ಗಾಡಿ ನಿಲ್ಲಿಸಿದೆ. ನಮ್ಮ ನಾಡಿನ ಗೋಸುಂಬೆ, ಹೊಟ್ಟೆ ದುಂಡಗಿತ್ತು. ಈ ದಿನಗಳಲ್ಲಿ ಹೆಣ್ಣು ಮೊಟ್ಟೆಯಿಡಲು ಮರದಿಂದ ಇಳಿದು ಮೆದು ಮಣ್ಣು ಹುಡುಕುತ್ತದೆಯೆಂದು ಅವನೇ ಹೇಳಿದ. ಒಂದು ಹೆಜ್ಜೆ ಮುಂದಿಟ್ಟು, ತೂಗಿ, ಹಿಂದಕ್ಕೆ ವಾಲಿ, ಮತ್ತೆ ಒಂದು ಹೆಜ್ಜೆ. ಎತ್ತಿ ಆಚೆ ಬಿಡುತ್ತೇನೆಂದು ಅವನು ಇಳಿದ. ಹತ್ತಿರ ಹೋಗುವಷ್ಟರಲ್ಲಿ ಅದರ ಮೈ ಕಪ್ಪಾಗತೊಡಗಿತು. ಅವನು ಅಲ್ಲಿಯೇ ನಿಂತ. ಎರಡು ಹೆಜ್ಜೆ ಹಿಂದಕ್ಕೆ ಸರಿದು, ಬರುವ ವಾಹನಗಳಿಗೆ ಕೈ ಅಡ್ಡ ಹಿಡಿದ. ಹಿಂದೆ ಸುರಪುರದ ಬಸ್ಸು ಬಂದು ನಿಂತಿತು, ಅದರ ಹಿಂದೆ ಭತ್ತದ ಟ್ರ್ಯಾಕ್ಟರು. ಚಾಲಕ ಕಿಟಕಿಯಿಂದ ತಲೆ ಹಾಕಿ, "ಯಾಕ್ರೀ ಸಾವಕಾರ್ರ, ಗಾಡಿ ಕೆಟ್ಟದೇನ್ರಿ?" ಎಂದು ಕೂಗಿದ. ಗಾಡಿ ಕೆಟ್ಟಿಲ್ಲ, ಸ್ವಲ್ಪ ತಡೀರಿ ಎಂದು ನಾನು ಕೈ ಮಾಡಿದೆ. ಅದಕ್ಕೆ ಇನ್ನೂ ಅರ್ಧ ರಸ್ತೆ ದಾಟುವುದಿತ್ತು.